ಕೊಲಂಬೊದ ಕಣದಲ್ಲಿ ಕೂಗದೆ ಹೋದ ಹೆಸರು

ಈ ಪ್ರವಾಸದ ಕತೆಯನ್ನು ಬರೆಯುವುದನ್ನು ಮುಂದಕ್ಕೆ ಹಾಕಿಕೊಂಡೇ ಬಂದೆ. ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿಗೆ ಸೌದೆ ತರಿಸಬೇಕು, ಕನ್ನಡಕ ಬದಲಿಸಬೇಕು, ಮೊಮ್ಮಗಳ ಮದುವೆ ಮುಗಿಯಲಿ, ಹೀಗೆ ನೆಪಗಳಿಗೆ ಬರವಿರಲಿಲ್ಲ. ಬಾಯಲ್ಲಿ ಹೇಳುವುದಕ್ಕೆ ಮಾತ್ರ ಎಂದೂ ತಡ ಮಾಡಿದವನಲ್ಲ. ಕೊಲಂಬೊದಲ್ಲಿ ನಾನು ಕುಸ್ತಿ ಗೆದ್ದದ್ದನ್ನು ಹುಣಸೂರಿನ ಹೋಟೆಲುಗಳಲ್ಲಿ, ಕಂಪಲಾಪುರದ ಸಂತೆಯಲ್ಲಿ ಕೇಳದವರಿಲ್ಲ. ಆದರೆ ನಾನು ಹೇಳಿದ್ದು ಅರ್ಧ.

ಮೊನ್ನೆ ಪಿರಿಯಾಪಟ್ಟಣದ ಡಾಕ್ಟರು ನನ್ನ ರಟ್ಟೆಗೆ ಪಟ್ಟಿ ಸುತ್ತಿ ರಕ್ತದ ಒತ್ತಡ ನೋಡಿದರು. ಮತ್ತೊಮ್ಮೆ ನೋಡಿದರು. "ಏನು ತಿಂತೀರಿ ಯಜಮಾನ್ರೇ? ಗುಟ್ಟು ನಮಗೂ ಹೇಳಿ" ಅಂದರು.

"ಬೆಳಿಗ್ಗೆ ರಾಗಿ ಹುರಿಹಿಟ್ಟು. ಅದಕ್ಕೂ ಮುಂಚೆ ಅಂಗೈ ನೋಡ್ಕೊಂಡು ಕೂರೋದು."

"ಯಾರು ಕಲಿಸಿದ್ದು?"

"ನಮ್ಮವ್ವ" ಅಂದೆ. ಆಚೆ ಬಂದು ಬೆಂಚಿನ ಮೇಲೆ ಕೂತಾಗ ಮುಖ ಬಿಸಿಯಾಯಿತು. ಈ ವಯಸ್ಸಿನಲ್ಲೂ ಮತ್ತೆ ಅರ್ಧವನ್ನೇ ಹೇಳಿದ್ದೆ. ಉಳಿದರ್ಧ ಇನ್ನೊಬ್ಬನದು. ಅವನ ಹೆಸರನ್ನು ಕೊನೆಗೆ ಬರೆಯುತ್ತೇನೆ. ಏಕೆಂಬುದು ಅಷ್ಟರಲ್ಲಿ ನಿಮಗೇ ತಿಳಿದಿರುತ್ತದೆ. ಅಲ್ಲಿಯವರೆಗೆ ಅವನು ನನ್ನ ಜೋಡಿ. ಗರಡಿಯಲ್ಲಿ ದಿನವೂ ಎದುರು ನಿಂತು ತಾಲೀಮು ಕೊಡುವವನನ್ನು ನಾವು ಜೋಡಿ ಅನ್ನುತ್ತೇವೆ.

ಹುಣಸೂರಿನ ಗರಡಿ

ಮೈಸೂರು ಇನ್ನೂ ಚಿಕ್ಕ ರಾಜ್ಯವಾಗಿದ್ದ ಕಾಲ, ಐವತ್ತರ ದಶಕ. ನಾನು ಕಂಪಲಾಪುರದ ಲಿಂಗಾಯತರ ಮನೆಯವನು. ಹುಣಸೂರಿನಲ್ಲಿ ಹೈಸ್ಕೂಲು ಓದುವಾಗ ಗರಡಿ ಸೇರಿದೆ. ಹೈಸ್ಕೂಲು ಮುಗಿಯಿತು, ಗರಡಿ ಮುಗಿಯಲಿಲ್ಲ. ಜೋಡಿ ಮಿರ್ಲೆಯ ಒಕ್ಕಲು ಮನೆಯವನು, ಮಾಂಸ ತಿನ್ನುವವನು, ಹುಣಸೂರಿನ ಮರದ ಡಿಪೋದಲ್ಲಿ ದಿಮ್ಮಿ ಉರುಳಿಸುತ್ತಿದ್ದವನು. ಬಸ್ಕಿ ಹೊಡೆಯಲು ಮಹಾ ಸೋಮಾರಿ. ಆದರೆ ಮಣ್ಣಿಗಿಳಿದರೆ ಅವನನ್ನು ಅಲುಗಿಸುವುದು ಕಷ್ಟ. ನಮ್ಮಿಬ್ಬರ ಕಿವಿಗಳೂ ಉಜ್ಜಿ ಉಜ್ಜಿ ಮುದ್ದೆಗಟ್ಟಿದ್ದವು. ಪೈಲ್ವಾನರಿಗೆ ಅದೇ ಒಡವೆ.

ನಮ್ಮ ಗರಡಿಯಲ್ಲಿ ಒಂದು ಪದ್ಧತಿ ಇತ್ತು. ಕೆಮ್ಮಣ್ಣಿನ ಕಣಕ್ಕೆ ಇಳಿಯುವ ಮುಂಚೆ ಪೈಲ್ವಾನನ ಊರು, ಗರಡಿ, ಹೆಸರು ಮೂರನ್ನೂ ಕೂಗಬೇಕು. ಗೆದ್ದವನು ಕಣದಲ್ಲೇ ನಿಂತು ತನ್ನ ಜೋಡಿಯ ಊರನ್ನೂ ಹೆಸರನ್ನೂ ತಾನೇ ಕೂಗಿ ಹೇಳಬೇಕು. ಅದಾದ ಮೇಲೆಯೇ ಹಾರ.

ಕೊಲಂಬೊದ ಪೇಟೆಯ ವ್ಯಾಪಾರಿಗಳ ಸಂಘವೊಂದು ಕುಸ್ತಿ ಏರ್ಪಡಿಸಿ, ಇಬ್ಬರು ಪೈಲ್ವಾನರನ್ನು ಕಳಿಸಿ ಎಂದು ನಮ್ಮ ಉಸ್ತಾದರನ್ನು ಕೇಳಿತ್ತು. ಮೊದಲ ಸಂಜೆ ನನ್ನ ಕುಸ್ತಿ, ಮರುಸಂಜೆ ಜೋಡಿಯದು. ಹೊರಡುವ ದಿನ ಅವ್ವ ಹುರಿಹಿಟ್ಟಿನ ಗಂಟು ತಂದಿಟ್ಟಳು.

"ಅಲ್ಲಿ ಬಾದಾಮಿ, ತುಪ್ಪ ಎಲ್ಲಾ ಕೊಡ್ತಾರೆ ಕಣವ್ವ. ಇದ್ಯಾಕೆ?"

"ಕೊಡ್ಲಿ ಬುಡು. ಇದೂ ಇರ್ಲಿ. ನಿನ್ ವಟ್ಟೆ ನಂಗೊತ್ತಿಲ್ವಾ?"

ನಾನು ಗೊಣಗಿದೆ. ಜೋಡಿ ಗಂಟನ್ನು ಹೆಗಲಿಗೇರಿಸಿ, "ನಂಗೆ ಕೊಡವ್ವ, ಇವ್ನು ತಿನ್ನದಿದ್ರೆ ನಾನಿಲ್ವಾ?" ಅಂದ.

ಮಂಟಪಂ

ಬೆಂಗಳೂರು, ಈರೋಡು, ತಿರುಚ್ಚಿ ದಾಟಿ ಸಮುದ್ರದ ಅಂಚಿಗೆ ಬಂದರೆ ಮಂಟಪಂ. ಸಿಲೋನಿಗೆ ಹೋಗುವವರನ್ನು ಅಲ್ಲಿ ಇಳಿಸಿ ಪರೀಕ್ಷಿಸುತ್ತಿದ್ದರು. ಟೀ ತೋಟಗಳಿಗೆ ಹೊರಟ ಕೂಲಿಯವರ ಸಾಲಿನಲ್ಲಿ ನಾವೂ ನಿಂತೆವು. ಡಾಕ್ಟರು ಕಣ್ಣ ರೆಪ್ಪೆ ಬಿಡಿಸಿ ನೋಡಿದರು, ಹೊಟ್ಟೆ ಒತ್ತಿದರು. ನನ್ನ ಎದೆ ತಟ್ಟಿ ಪಕ್ಕದವರಿಗೆ ಏನೋ ಹೇಳಿ ನಕ್ಕರು. ಮೆಚ್ಚುಗೆ ಎಂದು ತಿಳಿದು ನಾನು ಇನ್ನಷ್ಟು ಉಬ್ಬಿಸಿದೆ.

ಸಾಮಾನು ನೋಡುವ ಅಧಿಕಾರಿ ಗಂಟು ಬಿಚ್ಚಿಸಿದ. ಕಂದು ಬಣ್ಣದ ನಯವಾದ ಪುಡಿ. ಹುಣಸೂರು ಎಂಬ ಹೆಸರು ಕೇಳಿ ಅವನಿಗೆ ಹೊಗೆಸೊಪ್ಪು ನೆನಪಾಯಿತೋ ಏನೋ, ನಸ್ಯವೆಂದು ಚಿಟಿಕೆ ತೆಗೆದು ಮೂಗಿಗೇರಿಸಿಯೇಬಿಟ್ಟ. ಸೀನಿದ. ಮತ್ತೆ ಸೀನಿದ. ಮೀಸೆಯೆಲ್ಲ ಹಿಟ್ಟು.

ಡಿಪೋದಲ್ಲಿ ತಮಿಳರ ಜೊತೆ ದುಡಿದಿದ್ದ ಜೋಡಿಗೆ ತಮಿಳು ಚೆನ್ನಾಗಿ ಬರುತ್ತಿತ್ತು, ನನಗೆ ಅರ್ಧಂಬರ್ಧ. "ಮೂಗಿಗಲ್ಲ ಸಾರ್, ಬಾಯಿಗೆ" ಅಂದ. ಸಾಲಿಗೆ ಸಾಲೇ ನಕ್ಕಿತು. ಅಧಿಕಾರಿ ಕಣ್ಣೊರೆಸಿಕೊಂಡು ಕೇಳಿದ: "ಯಾರದಿದು?"

ನಾನು ತಡ ಮಾಡದೆ ಜೋಡಿಯ ಕಡೆ ಕೈ ತೋರಿಸಿದೆ.

ಹಡಗು

ಧನುಷ್ಕೋಡಿಯಿಂದ ತಲೈಮನ್ನಾರಿಗೆ ಹಡಗು. ಕಾವೇರಿ, ಲಕ್ಷ್ಮಣತೀರ್ಥ ಈಜಿದವನಿಗೆ ನೀರೇನು ಮಹಾ ಎಂದು ಕಂಬಿ ಹಿಡಿದು ನಿಂತೆ. ದಡ ಮರೆಯಾಗುವ ಮುಂಚೆಯೇ ಕರುಳು ಬಾಯಿಗೆ ಬಂತು.

"ನೋಡ್ರಪ್ಪೋ, ಪೈಲ್ವಾನ್ರು ಸಮುದ್ರದ ಕೈಲಿ ಚಿತ್ ಆದ್ರು!" ಎಂದು ಜೋಡಿ ಕನ್ನಡದಲ್ಲಿ ಸಾರಿದ. ಪುಣ್ಯಕ್ಕೆ ಅಲ್ಲಿ ಕನ್ನಡ ಬರುವವರು ನಾವಿಬ್ಬರೇ. ಆಮೇಲೆ ನನ್ನ ತಲೆಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು, ಅದೇ ತೊಡೆಯ ಪಕ್ಕದಲ್ಲಿ ಬಾಳೆಹಣ್ಣಿನ ಚಿಪ್ಪಿಟ್ಟುಕೊಂಡು, ಒಂದೊಂದೇ ಸುಲಿದು ತಿಂದ.

ಕೊಲಂಬೊ, ಪೇಟೆ ಬೀದಿ

ಅಕ್ಕಿ ಮಂಡಿಯ ಮೇಲಿನ ಕೋಣೆ ನಮ್ಮ ಬಿಡಾರ. ಕಿಟಕಿಯಿಂದ ಇಡೀ ಬೀದಿ ಕಾಣುತ್ತಿತ್ತು. ವಯಸ್ಸಾದ ಕೆಲವು ಗಂಡಸರು ಕೂದಲನ್ನು ತುರುಬು ಕಟ್ಟಿ ಬಾಚಣಿಗೆ ಸಿಕ್ಕಿಸಿಕೊಂಡು ಗಂಭೀರವಾಗಿ ನಡೆಯುತ್ತಿದ್ದರು. ಟೀಗೆ ಬೆಲ್ಲ ಕಲಸುವುದಿಲ್ಲ. ಒಂದು ಚೂರು ಕಚ್ಚಿಕೊಂಡು ಒಂದು ಗುಟುಕು ಹೀರುತ್ತಾರೆ. ಜೋಡಿಗೆ ಇದು ಎಷ್ಟು ಹಿಡಿಸಿತೆಂದರೆ, ಬೆಲ್ಲ ಮುಗಿದಾಗ ಟೀ ಉಳಿಯುತ್ತಿತ್ತು, ಟೀ ಮುಗಿದಾಗ ಬೆಲ್ಲ ಉಳಿಯುತ್ತಿತ್ತು. ಅದನ್ನು ಸರಿದೂಗಿಸಲು ಮತ್ತೊಂದು ಟೀ.

ಕೆಳಗಿನ ಊಟದ ಮನೆಯಲ್ಲಿ ನಮ್ಮ ಒತ್ತು ಶಾವಿಗೆಯೇ ಸಿಗುತ್ತಿತ್ತು. ನಮ್ಮಲ್ಲಿ ಹಬ್ಬಕ್ಕೆ ಮಾಡುವುದನ್ನು ಅಲ್ಲಿ ದಿನವೂ ತಿನ್ನುತ್ತಾರೆ. ಜೊತೆಗೆ ತೆಂಗಿನತುರಿ, ಒಣಮೆಣಸಿನಕಾಯಿ, ನಿಂಬೆರಸ ಹಾಕಿ ಅರೆದ ಸಂಬೋಲ ಎಂಬ ಕೆಂಪು ಚಟ್ನಿ. ಅದರ ರುಚಿಗೆ ನಾನು ಸೋತೆ. ಮೂರು ಹೊತ್ತೂ ಅದೇ. ಬೆಳಿಗ್ಗೆ ಸಲೀಸಾಗಿ ದಂಡ ಹೊಡೆಯುತ್ತಿದ್ದೆ. ಬಂದರಿನಲ್ಲಿ ಮೂಟೆ ಹೊರುವವರ ಮೇಸ್ತ್ರಿಯೊಬ್ಬ ನನ್ನ ಎದುರಾಳಿ ಎಂದು ತಿಳಿದಾಗ, ಬರಲಿ ಬಿಡು ಅಂದುಕೊಂಡೆ.

ಒಂದು ದಿನ ಊಟದ ಮನೆಯವನಿಗೆ ಕೈಸನ್ನೆಯಲ್ಲಿ, ಈ ಚಟ್ನಿಗೆ ಏನು ಹಾಕುತ್ತೀರಿ, ಅವ್ವನಿಗೆ ಹೇಳಬೇಕು ಅಂದೆ. ಅವನು ಹಿಗ್ಗಿ ಒಳಗೆ ಹೋಗಿ ಕಪ್ಪಗಿನ ಕೊರಡಿನಂಥದ್ದೊಂದನ್ನು ತಂದು ಕೈಗಿಟ್ಟ. ಯಾವುದೋ ಮರದ ಬೇರೆಂದು ಮೂಸಿ ನೋಡಿದೆ. ಒಣಗಿಸಿದ ಮೀನು! ಕಟ್ಟಿಗೆಯ ಹಾಗೆ ಗಟ್ಟಿ. ಅದನ್ನು ಕುಟ್ಟಿ ಪುಡಿ ಮಾಡಿ ಹಾಕುತ್ತಾರಂತೆ.

ಹುಟ್ಟಿದ ಮೇಲೆ ಮೊಟ್ಟೆಯ ಸಿಪ್ಪೆಯನ್ನೂ ಮುಟ್ಟದವನು ನಾನು. ಓಡಿಹೋಗಿ ಚರಂಡಿಯ ಮುಂದೆ ಕೂತೆ. ಅಂದಿನಿಂದ ನೀರು ಬಿಟ್ಟು ಏನೂ ಒಳಗೆ ಇಳಿಯದು. ಅನ್ನ ನೋಡಿದರೆ ಮೀನಿನ ವಾಸನೆ, ಬಾಳೆಹಣ್ಣು ಸುಲಿದರೆ ಮೀನಿನ ವಾಸನೆ. ಸಂಘದವರು ತಂದ ಬಾದಾಮಿ ಹಾಲು ಬಂದ ದಾರಿಯಲ್ಲೇ ವಾಪಸಾಯಿತು. ಕೈ ನಡುಗತೊಡಗಿತು. ಕುಸ್ತಿ ಹತ್ತಿರ ಬರುತ್ತಿತ್ತು.

"ನಿಂಗೆ ಗೊತ್ತಿತ್ತೇನೋ?" ಜೋಡಿಯನ್ನು ಕೇಳಿದೆ.

"ಮೊದಲ್ನೇ ತುತ್ತಿಗೇ ಗೊತ್ತಾಯ್ತು ಕಣ್ಲಾ. ನೀನು ಚಪ್ಪರಿಸ್ಕಂಡು ಉಣ್ತಿದ್ದೆ. ಉಣ್ಣೋನ್ನ ತಟ್ಟೆ ಮುಂದಿಂದ ಎಬ್ಬಿಸಬಾರ್ದು ಅಂತ ಸುಮ್ಕಾದೆ. ತಪ್ಪಾಯ್ತು ಬುಡು."

ಸಿಕ್ಕಿದ್ದನ್ನೆಲ್ಲ ತಿನ್ನುವವನಿಗೆ ಶುದ್ಧ ಎಂದರೇನು ಗೊತ್ತು ಎಂದು ಕೂಗಿದೆ. ಅವನ ಜಾತಿ, ಮನೆ, ತಟ್ಟೆ ಎಲ್ಲವನ್ನೂ ಎಳೆದು ತಂದೆ. ಆ ಮಾತುಗಳನ್ನು ಇಲ್ಲಿ ಬರೆಯಲಾರೆ. ಅವನು ಕೇಳಿಸಿಕೊಂಡು ಕೂತಿದ್ದ. ನಾನು ಸುಸ್ತಾಗಿ ನಿಲ್ಲಿಸಿದಾಗ ಅಷ್ಟೇ ಕೇಳಿದ: "ಅಲ್ಲ ಕಣ್ಲಾ ನಂಜಪ್ಪ, ಅದ್ನೇ ತಿಂದು ದಿನಾ ದಂಡ ಹೊಡ್ದೆಯಲ್ಲ. ತಿಂದಾಗ ಬರ್ದೇ ಇದ್ದ ವಾಂತಿ, ಮೀನಿನ ಎಸ್ರು ಕೇಳ್ದಾಗ ಯಾಕೆ ಬಂತು?"

ನಾನು ಗೋಡೆಯ ಕಡೆ ಹೊರಳಿ ಮಲಗಿದೆ.

ಅರಳಿ ಮರದ ಕೆಳಗೆ

ಮರುದಿನ ಹುಣ್ಣಿಮೆ. ಅಲ್ಲಿ ಹುಣ್ಣಿಮೆಯೆಂದರೆ ಬೌದ್ಧರ ವ್ರತದ ದಿನ. ಮಂಡಿಯ ಯಜಮಾನರು, ಕೋಣೆಯಲ್ಲಿ ಬಿದ್ದುಕೊಂಡಿದ್ದರೆ ಹುಷಾರಾಗುವುದಿಲ್ಲ ಎಂದು ನಮ್ಮನ್ನು ಊರಾಚೆಯ ವಿಹಾರಕ್ಕೆ ಗಾಡಿಯಲ್ಲಿ ಕಳಿಸಿದರು. ಈಗ ಹುಣಸೂರಿನ ಬಳಿಯ ಗುರುಪುರದ ಕಡೆ ಟಿಬೆಟಿನ ಭಿಕ್ಷುಗಳು ನಮ್ಮ ಬಸ್ಸಿನಲ್ಲೇ ಪಕ್ಕ ಕೂರುತ್ತಾರೆ. ಆಗ ನಾವು ಭಿಕ್ಷುವನ್ನು ಕಂಡವರೇ ಅಲ್ಲ.

ದೊಡ್ಡ ಅರಳಿ ಮರ, ಸುತ್ತ ಮರಳು. ನಮ್ಮೂರಿನ ಅರಳಿಕಟ್ಟೆ ನೆನಪಾಯಿತು. ನಮ್ಮಲ್ಲಿ ಕಟ್ಟೆ ಹತ್ತಿದವರು ಮಾತಾಡದೆ ಇಳಿದದ್ದುಂಟೇ? ಇಲ್ಲಿ ಬಿಳಿ ಬಟ್ಟೆಯ ಗಂಡಸರು ಹೆಂಗಸರು ಮರಳಿನ ಮೇಲೆ ಕೂತಿದ್ದರು, ಎಲೆ ಬಿದ್ದರೂ ಕೇಳುವಷ್ಟು ಮೌನ. ನಾವೂ ಕೂತೆವು. ಸ್ವಲ್ಪ ಹೊತ್ತಿಗೆ ಪಕ್ಕದಿಂದ ಗೊರಕೆ. ಜೋಡಿ ಕೂತಲ್ಲೇ ನಿದ್ದೆ ಹೋಗಿದ್ದ. ಒಬ್ಬ ಅಜ್ಜಿ ಬೀಸಣಿಗೆಯ ಹಿಡಿಯಿಂದ ಅವನ ಪಕ್ಕೆ ತಿವಿದಳು. ಎಚ್ಚೆತ್ತವನು ಕೈಮುಗಿದ, ಅಜ್ಜಿ ಬೊಚ್ಚುಬಾಯಿ ತೆರೆದು ನಕ್ಕು, ಮತ್ತೆ ಕಣ್ಣು ತಗ್ಗಿಸಿ ಕೂತಳು.

ಆ ಮುಖವನ್ನು ನಾನು ಬಲ್ಲೆ ಅನ್ನಿಸಿತು. ನಮ್ಮವ್ವ ಬೆಳಿಗ್ಗೆ ಇಷ್ಟಲಿಂಗವನ್ನು ಎಡ ಅಂಗೈಯಲ್ಲಿ ಇಟ್ಟುಕೊಂಡು ದಿಟ್ಟಿ ನೆಟ್ಟು ಕೂತಾಗ ಇರುತ್ತಿದ್ದ ಮುಖ ಅದು. ಲಿಂಗಪೂಜೆ ಆಗದೆ ನಾವು ಬಾಯಿಗೆ ಏನೂ ಹಾಕುವುದಿಲ್ಲ. ನಾನೂ ತಪ್ಪಿಸಿದವನಲ್ಲ. ಆದರೆ ನನ್ನದು ವಿಭೂತಿ ಬಳಿದು, ನೀರು ಚಿಮುಕಿಸಿ, ಮುಗಿಸಿ ಏಳುವ ಪೂಜೆ.

ವಾಪಸಾಗುವಾಗ ಜೋಡಿಯೇ ಮಾತು ತೆಗೆದ. "ಲೋ, ನಿಮ್ಮವ್ವ ಅಂಗೈ ನೋಡ್ಕಂಡು ಕೂತ್ರೆ ಮನೆಗೆ ಕಳ್ಳ ನುಗ್ಗುದ್ರೂ ಗೊತ್ತಾಗಕ್ಕಿಲ್ಲ. ನೀನು ಬೀಡಿ ಅಚ್ಚೋ ಒತ್ತೂ ಕೂರಕ್ಕಿಲ್ಲ. ಒಂದ್ಸಲ ಆವಮ್ಮನಂಗೆ ಕೂತ್ಕಂಡು ನೋಡು."

"ನೀನು ಗೊರಕೆ ಹೊಡ್ದೋನು, ನಂಗೆ ಹೇಳ್ತೀಯಾ?"

"ನಂಗೇನಾಗ್ಯದೆ? ನಂಗೆ ವಟ್ಟೆನೂ ಸರ್ಯಾಗ್ ಅದೆ, ನಿದ್ದೇನೂ ಬತ್ತದೆ."

ಬೆಳಿಗ್ಗೆ ಸ್ನಾನ ಮಾಡಿ ಕೂತೆ. ಲಿಂಗವನ್ನು ಅಂಗೈಯಲ್ಲಿಟ್ಟು ನೋಡಿದೆ. ಮೊದಲು ಕಂಡದ್ದು ಮೀನು, ಎದುರಾಳಿ, ಹುಣಸೂರಿನವರ ನಗು. ಎದ್ದುಬಿಡೋಣ ಅನ್ನಿಸಿತು. ಜೋಡಿ ಬಾಗಿಲಿಗೆ ಬೆನ್ನು ಕೊಟ್ಟು ಕೂತಿದ್ದ, ಯಾರೂ ಬರದಂತೆ ಕಾವಲು. ಅವನಿದ್ದಾನೆಂದು ಮೇಲೇಳಲು ನಾಚಿಕೆಯಾಗಿ ಹಾಗೇ ಕೂತೆ. ನಿಧಾನವಾಗಿ ಕಪ್ಪು ಲಿಂಗದ ಮೇಲಿನ ಬೆಳಕೊಂದೇ ಉಳಿಯಿತು. ಉಸಿರು ಮೆತ್ತಗಾಯಿತು. ಕೈ ನಡುಗುತ್ತಿಲ್ಲವೆಂದು ತಿಳಿದದ್ದು ಲಿಂಗ ಅಲುಗದೆ ಕೂತದ್ದನ್ನು ಕಂಡಾಗ.

ಕಣ್ಣೆತ್ತಿದರೆ ಅವನು ಹುರಿಹಿಟ್ಟಿನ ಗಂಟು ಬಿಚ್ಚುತ್ತಿದ್ದ. ಅಲ್ಲಿ ಮಣ್ಣಿನ ಕುಡಿಕೆಯಲ್ಲಿ ಎಮ್ಮೆ ಮೊಸರು ಸಿಗುತ್ತದೆ, ಕುಡಿಕೆ ಬೋರಲು ಹಾಕಿದರೂ ಬೀಳದಷ್ಟು ಗಟ್ಟಿ. ಆ ಮೊಸರನ್ನು ಕಡೆದು ಹಿಟ್ಟು ಕಲಸಿಕೊಟ್ಟ. ಮೂಗಿನ ಹತ್ತಿರ ತಂದೆ. ಮೀನಿನ ವಾಸನೆ ಇಲ್ಲ. ನಮ್ಮ ಮನೆಯ ಬೀಸುಕಲ್ಲಿನ ವಾಸನೆ. ಪೂರ್ತಿ ಕುಡಿದೆ. ಒಳಗೆ ನಿಂತಿತು.

ಕುಸ್ತಿಯವರೆಗೆ ದಿನವೂ ಅಷ್ಟೇ: ಕೂರುವುದು, ಕುಡಿಯುವುದು, ಅವನ ಜೊತೆ ತಾಲೀಮು. ಎಲ್ಲ ಹಿಟ್ಟನ್ನೂ ನನಗೇ ಕಲಸುತ್ತಿದ್ದ. "ನಿಂಗೆ?" ಅಂದರೆ, "ನಂಗೆ ಸಂಬೋಲ ಅದೆಯಲ್ಲ" ಎಂದು ಕಣ್ಣು ಹೊಡೆಯುತ್ತಿದ್ದ.

ಹಗ್ಗ ಕಟ್ಟಿದ ಕಣ

ಅಲ್ಲಿಯದು ಮಣ್ಣಿನ ಕಣವಲ್ಲ. ಹಲಗೆಯ ಮೇಲೆ ದಪ್ಪ ಬಟ್ಟೆ, ಸುತ್ತ ಹಗ್ಗ. ಅರಿಸಿನ, ಎಣ್ಣೆ, ಮಜ್ಜಿಗೆ ಬೆರೆಸಿ ಹದ ಮಾಡಿದ ನಮ್ಮ ಮಣ್ಣೆಲ್ಲಿ! "ದನ ಕಟ್ಟೋ ಜಾಗ ಇದ್ದಂಗದೆ" ಅಂದ ಜೋಡಿ. ಕುಸ್ತಿಗಿಳಿಯುವಾಗ ಲಿಂಗವನ್ನು ಬಟ್ಟೆಯಲ್ಲಿ ಸುತ್ತಿ ರಟ್ಟೆಗೆ ಬಿಗಿದುಕೊಳ್ಳುವುದು ನನ್ನ ರೂಢಿ. ಗಂಟನ್ನು ಅವನೇ ಹಾಕಿದ.

ಮೇಸ್ತ್ರಿ ನನಗಿಂತ ದಪ್ಪ, ನಗುಮುಖದವನು. ಕೈ ಕೊಟ್ಟಾಗಲೇ ಅವನ ಬಲ ತಿಳಿಯಿತು. ಮೊದಲು ನನ್ನನ್ನು ಹಗ್ಗದವರೆಗೆ ತಳ್ಳಿಕೊಂಡು ಹೋದ. ಇನ್ನೊಮ್ಮೆ ಮಂಡಿಯೂರಿಸಿದ. ಜನ ಎದ್ದು ಕೂಗುತ್ತಿದ್ದರು. ಹಳೆಯ ನಾನಾಗಿದ್ದರೆ ರೇಗಿ ಮೇಲೆ ಬಿದ್ದು ಸೋಲುತ್ತಿದ್ದೆ. ಅಂದು ನನಗೆ ಜನ ಕೇಳಿಸಲಿಲ್ಲ. ಅಂಗೈಯಲ್ಲಿ ಕಂಡ ಆ ಬೆಳಕಿನ ಹಾಗೆ ಅವನ ಬಲ ಹೆಗಲೊಂದೇ ಕಂಡಿತು. ಅದು ಒಮ್ಮೆ ಸಡಿಲವಾಯಿತು. ಕೆಳಗೆ ನುಗ್ಗಿ ಧೋಬಿ ಪಟ್ಟು ಹಾಕಿದೆ. ಅಷ್ಟು ದೊಡ್ಡ ದೇಹ ನನ್ನ ಬೆನ್ನ ಮೇಲಿಂದ ತಿರುಗಿ ಬೆನ್ನಡಿಯಾಗಿ ಬಿತ್ತು. ಇದನ್ನು ಬರೆಯುವಾಗಲೂ ನನ್ನ ಹಳೆಯ ತೋಳು ಬಿಗಿಯುತ್ತದೆ. ಆ ಪಟ್ಟಿನ ಬಗ್ಗೆ ನನಗೆ ಹೆಮ್ಮೆ ಇದೆ, ಸಾಯುವವರೆಗೂ ಇರುತ್ತದೆ.

ಜೋಡಿ ಹಗ್ಗ ನುಸುಳಿ ಒಳಗೆ ಬಂದು ನನ್ನನ್ನು ಎತ್ತಿ ಕುಣಿದ. "ಹಿಟ್ಟು ಕಣ್ರಪ್ಪೋ, ರಾಗಿಹಿಟ್ಟು! ಕಲಸಿ ಕುಡ್ಸಿದ್ದು ನಾನು!" ಎಂದು ಕನ್ನಡದಲ್ಲೂ ತಮಿಳಿನಲ್ಲೂ ಕೂಗಿದ. ಕಣ್ಣಲ್ಲಿ ನೀರು. ಮೈಕು ಹಿಡಿದವನು ಬಂದ. ಹಿಂದೆಯೇ ಕ್ಯಾಮೆರಾದವನು, ಹಾರ ಹಿಡಿದ ಸಂಘದವರು.

"ಏನು ತಿಂದು ಈ ಮೈ ಬೆಳೆಸಿದಿರಿ?" ಎಂದು ತಮಿಳಿನಲ್ಲಿ ಕೇಳಿದ.

"ಬಾದಾಮಿ, ತುಪ್ಪ, ಹಾಲು" ಅಂದೆ.

ಮೈಕಿನವನು ಜೋಡಿಯ ಕಡೆ ನೋಡಿದ. "ಇವರು ಯಾರು?"

ಜೋಡಿ ಕುಣಿಯುವುದನ್ನು ನಿಲ್ಲಿಸಿ, ಲುಂಗಿ ಸರಿಮಾಡಿಕೊಂಡು ನೆಟ್ಟಗೆ ನಿಂತ. ಪದ್ಧತಿ ಅವನಿಗೆ ಗೊತ್ತು. ಈಗ ನಾನು ಅವನ ಊರು, ಹೆಸರು ಕೂಗಬೇಕು. ಆ ಗಳಿಗೆಯಲ್ಲಿ ನನಗೆ ಗೆಲುವಿನ ಒಂದು ಚೂರನ್ನೂ ಹಂಚುವ ಮನಸ್ಸಾಗಲಿಲ್ಲ. ಹಿಟ್ಟು ಎಂದು ಕೂಗಿ ಇವನು ನನ್ನ ಮಾನ ಕಳೆಯುತ್ತಿದ್ದಾನೆ ಅನ್ನಿಸಿತು.

"ನಮ್ಮ ಅಡಿಗೆಯವನು" ಅಂದೆ.

ಮೈಕು ಅದನ್ನು ಇಡೀ ಬಯಲಿಗೆ ಹೇಳಿತು. ಜನ ನಕ್ಕು ಚಪ್ಪಾಳೆ ತಟ್ಟಿದರು. ಜೋಡಿಯೂ ನಕ್ಕ, ಹಗ್ಗ ನುಸುಳಿ ಕೆಳಗಿಳಿದ.

ಬೆಳಿಗ್ಗೆ ಸಂಘದವರು ಬಂದು, ಮೈಕಿನಲ್ಲಿ ಅಡಿಗೆಯವನು ಅನ್ನಿಸಿಕೊಂಡವನನ್ನು ಕಣಕ್ಕಿಳಿಸಿದರೆ ಜನ ನಮ್ಮನ್ನು ಆಡಿಕೊಳ್ಳುತ್ತಾರೆ, ಇಂದಿನ ಕುಸ್ತಿಗೆ ಬೇರೆಯವರನ್ನು ಗೊತ್ತುಮಾಡಿದ್ದೇವೆ ಅಂದರು. ನಾನು ಒಂದು ಮಾತು ಹೇಳಿದ್ದರೆ ಸಾಕಿತ್ತು. ಹೇಳಿದರೆ ರಾತ್ರಿಯ ಮಾತು ಸುಳ್ಳಾಗುತ್ತಿತ್ತು. ಜೋಡಿ ನನ್ನ ಮುಖ ನೋಡಿದ. ನಾನು ಹಾರದ ಹೂ ಬಿಡಿಸುತ್ತಾ ಕೂತೆ.

ಮೇಸ್ತ್ರಿಯ ಮನೆ

ಅಂದು ಮಧ್ಯಾಹ್ನ ಸೋತ ಮೇಸ್ತ್ರಿಯೇ ಊಟಕ್ಕೆ ಕರೆದ. ಸೋಲಿಸಿದವನನ್ನು ಮನೆಗೆ ಕರೆದು ಉಣ್ಣಿಸುವ ಜನ ಅವರು! ಅವನ ತಾಯಿ ಬಾಳೆಲೆಯ ಮೇಲೆ ಬಡಿಸಿದ್ದನ್ನು ಕಂಡು ಜೋಡಿ ಕಿರುಚಿಕೊಂಡ: "ಲೋ ನಂಜಪ್ಪ, ಮುದ್ದೆ ಕಣ್ಲಾ!"

ಹೌದು, ರಾಗಿ ಮುದ್ದೆ. ಅಲ್ಲಿ ರಾಗಿಗೆ ಕುರಕ್ಕನ್ ಅನ್ನುತ್ತಾರೆ. ಮೇಸ್ತ್ರಿ ತನ್ನ ತೋಳು ತಟ್ಟಿ ತಮಿಳಿನಲ್ಲಿ ಹೇಳಿದ: "ಇದು ಕುರಕ್ಕನ್ ಮೈ. ನಮ್ಮಮ್ಮ ಕೊಟ್ಟದ್ದು. ನಿಮ್ಮ ಹಾಗೆ ಬಾದಾಮಿ ಎಲ್ಲಿ ತರಲಿ?" ಹೇಳಿಕೊಳ್ಳಲು ಅವನಿಗೆ ಒಂದಿಷ್ಟೂ ಸಂಕೋಚವಿರಲಿಲ್ಲ.

ಆಮೇಲೆ ಅವನು ಜೋಡಿಯನ್ನು ಕೇಳಿದ: "ನಿನ್ನ ಕುಸ್ತಿ ಯಾವಾಗ?"

"ನಾನು ಅಡಿಗೆಯವನು" ಅಂದ ಜೋಡಿ.

ಮೇಸ್ತ್ರಿ ಕೈ ಚಾಚಿ ಅವನ ಮುದ್ದೆಗಟ್ಟಿದ ಕಿವಿ ಹಿಡಿದು ಮೆಲ್ಲಗೆ ಅಲುಗಿಸಿದ. ತನ್ನ ಕಿವಿಯನ್ನೂ ತೋರಿಸಿದ. "ಯಾವ ಒಲೆಯ ಮುಂದೆ ಈ ಕಿವಿ ಬರುತ್ತದೆ?" ಎಂದು ಕೇಳಿ ನನ್ನ ಕಡೆ ತಿರುಗಿದ. ಜೋಡಿ ಬೇಗ ಬೇಗ ಮಾತು ಬದಲಿಸಿ ಇನ್ನೊಂದು ಮುದ್ದೆ ಕೇಳಿದ. ನನ್ನನ್ನು ಉಳಿಸಲು.

ಮಿರ್ಲೆ

ಹುಣಸೂರಿನ ಬಸ್ ನಿಲ್ದಾಣದಲ್ಲಿ ವಾದ್ಯ, ಮಾಲೆ. ಧೋಬಿ ಪಟ್ಟಿನ ವರ್ಣನೆಯನ್ನು ಎಲ್ಲರಿಗಿಂತ ಚೆನ್ನಾಗಿ ಮಾಡಿದವನು ಜೋಡಿಯೇ. ಉಸ್ತಾದರು ಅವನನ್ನು, "ನಿನ್ನ ಕುಸ್ತಿ ಏನಾಯ್ತೋ?" ಅಂದರು. "ವಟ್ಟೆ ಕೆಟ್ಟಿತ್ತು ಉಸ್ತಾದ್, ಆ ಹಾಳಾದ್ ಮೀನು ತಿಂದು" ಅಂದ. ಎಲ್ಲರೂ ನಕ್ಕರು.

ಅವನು ಮತ್ತೆ ಹೊರದೇಶಕ್ಕೆ ಹೋಗಲಿಲ್ಲ. ಕೆಲವು ವರ್ಷಕ್ಕೆ ಡಿಪೋ ಬಿಟ್ಟು ಮಿರ್ಲೆಗೆ ಹೋಗಿ ಗದ್ದೆ ನೋಡಿಕೊಂಡ. ಕ್ಷಮೆ ಕೇಳಿಯೇಬಿಡಬೇಕೆಂದು ನಾನು ಹಲವು ಸಲ ಅಲ್ಲಿಗೆ ಹೋದೆ. ಅವನು ಮಜ್ಜಿಗೆಗೆ ಹುರಿಹಿಟ್ಟು ಕಲಸಿಕೊಟ್ಟು, "ಕುಡಿಯಪ್ಪಾ ಬಾದಾಮಿ ಹಾಲು" ಅನ್ನುತ್ತಿದ್ದ. ನಗುತ್ತಿದ್ದ. ಆ ನಗುವಿನಲ್ಲಿ ನನ್ನ ಮಾತು ಮುಳುಗಿಹೋಗುತ್ತಿತ್ತು. ಕಡೆಯ ಸಲ ಹೋದಾಗ ಕಲಸಿಕೊಟ್ಟದ್ದು ಅವನ ಹೆಂಡತಿ. ಅವನು ತೀರಿಹೋಗಿ ವಾರವಾಗಿತ್ತು.

ಬೆಳಿಗ್ಗೆ ನಾನು ಈಗಲೂ ಅಂಗೈ ನೋಡಿಕೊಂಡು ಕೂರುತ್ತೇನೆ. ಮನಸ್ಸು ನಿಂತರೆ ಹೊಟ್ಟೆ ನಿಲ್ಲುತ್ತದೆ, ಹೊಟ್ಟೆ ನಿಂತರೆ ಕೈ ನಿಲ್ಲುತ್ತದೆ. ಇದು ನನ್ನ ಮೈ ಕಂಡ ಸತ್ಯ. ಆದರೆ ಎಷ್ಟು ಹೊತ್ತು ಕೂತರೂ ಬೆಳಕಿನ ಪಕ್ಕದಲ್ಲಿ ಒಬ್ಬ ಲುಂಗಿ ಸರಿಮಾಡಿಕೊಂಡು ನೆಟ್ಟಗೆ ನಿಂತಿರುತ್ತಾನೆ. ಕಾಯುತ್ತಿರುತ್ತಾನೆ.

ಡಾಕ್ಟರೇ, ನನಗೆ ಕಲಿಸಿದವರು ಇಬ್ಬರು. ಒಬ್ಬಳು ನಮ್ಮವ್ವ. ಇನ್ನೊಬ್ಬನ ಬಗ್ಗೆ ಮೈಕಿನವನು ಕೇಳಿದ್ದಕ್ಕೆ ಈಗ ಉತ್ತರ ಹೇಳುತ್ತೇನೆ, ಗರಡಿಯ ಪದ್ಧತಿಯಂತೆ, ಗಟ್ಟಿಯಾಗಿ.

ಊರು ಮಿರ್ಲೆ. ಗರಡಿ ಹುಣಸೂರು. ನನ್ನ ಜೋಡಿ, ಪೈಲ್ವಾನ್ ಸಿಂಗ್ರೀಗೌಡ.